ನಸ್ರೀನ್ ಎಳೆದ ಗೆರೆ

ನಾವು ಓದಿದ ಉರ್ದು ಶಾಲೆಯಲ್ಲಿ ಚಿತ್ರಕಲೆಯ ಪೀರಿಯಡ್ ಎಂದರೆ ಮೇಜಿನ ಮೇಲಿನ ಹೂಜಿಯನ್ನು ನೋಡಿ ಬರೆಯುವುದು. ಹೂಜಿ ಹೂಜಿಯಂತೆ ಕಂಡರೆ ಅಂಕ, ಇಲ್ಲವಾದರೆ ರಬ್ಬರು. ನಸ್ರೀನ್ ಮೊಹಮದಿ (1937–1990) ಅವರ ರೇಖಾಚಿತ್ರಗಳ ಮುಂದೆ ಈ ಕಲಿಕೆ ಕೆಲಸಕ್ಕೆ ಬಾರದು. ಕರಾಚಿಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಕಲಿತು, 1972ರಿಂದ ಬರೋಡಾದಲ್ಲಿ ಕಲಾ ವಿದ್ಯಾರ್ಥಿಗಳಿಗೆ ಪಾಠ ಹೇಳಿದ ಅವರು ಕೈಗೆತ್ತಿಕೊಂಡದ್ದು ಕಟ್ಟಡದ ನಕ್ಷೆ ಬರೆಯುವವರ ಸಲಕರಣೆಗಳನ್ನೇ: ಪೆನ್ಸಿಲು, ಶಾಯಿ, ಸ್ಕೇಲು. ಆದರೆ ಅವರ ನಕ್ಷೆಯಿಂದ ಯಾವ ಮನೆಯೂ ಏಳುವುದಿಲ್ಲ. ಗೆರೆಗಳ ನಡುವಿನ ಅಂತರ ಕೂದಲೆಳೆಯಷ್ಟು ಬದಲಾದರೆ ಸಾಕು, ಕಾಗದವೇ ಬಾಗಿದಂತೆ, ಬೆಳಕು ಸರಿದಂತೆ ತೋರುತ್ತದೆ. ಪ್ರಯೋಗವೆಂದರೆ ಬಣ್ಣ ಎರಚುವುದೆಂದು ತಿಳಿದಿರುವ ವಿನ್ಯಾಸದ ವಿದ್ಯಾರ್ಥಿಗಳು ಇವನ್ನು ನೋಡಬೇಕು. ಒಂದೇ ಸ್ಕೇಲನ್ನು ಹಿಡಿದು, ಇದು ಇನ್ನೇನು ಮಾಡಬಲ್ಲದು ಎಂದು ವರ್ಷಗಟ್ಟಲೆ ಕೇಳುತ್ತ ಕೂತವರು ಅವರು.

ಹೆಸರು ಕೇಳಿದೊಡನೆ ಕೆಲವರು ‘ಇಸ್ಲಾಮೀ ಜ್ಯಾಮಿತಿ’ ಎಂದುಬಿಡುತ್ತಾರೆ. ಹಾಗೆನ್ನಲು ನಮ್ಮವರಿಗೂ ಹೆಮ್ಮೆ. ಅವರು ಫತೇಪುರ್ ಸಿಕ್ರಿಯ ಫೋಟೋ ತೆಗೆದದ್ದು ನಿಜ; ಮಗ್ಗದ ನೂಲಿನದನ್ನೂ ತೆಗೆದರು. ಕಲ್ಲಿನ ಜಾಲಂಧ್ರದಲ್ಲಿ ಒಂದೇ ಆಕಾರ ಮತ್ತೆ ಮತ್ತೆ ಬರುತ್ತದೆ, ನಸ್ರೀನರ ಗೆರೆ ಎಲ್ಲೋ ತಪ್ಪಿಸಿಕೊಂಡು ಹೋಗುತ್ತದೆ. ತಮ್ಮ ಚಿತ್ರಗಳಿಗೆ ಅವರು ಹೆಸರನ್ನೇ ಇಡುತ್ತಿರಲಿಲ್ಲ. ಅವಸರದಲ್ಲಿ ನಾವೇಕೆ ಇಡಬೇಕು? ಕಾಯಿಲೆ ಕೈಯ ಹಿಡಿತವನ್ನು ಕಸಿಯುತ್ತಿದ್ದ ಕೊನೆಯ ವರ್ಷಗಳಲ್ಲಿ ಅವರು ಎಳೆದ ಗೆರೆಗಳಲ್ಲೂ ನಡುಕ ಕಾಣುವುದಿಲ್ಲ.