ಪತಾಕೆಯೋ ಪ್ರಕರಿಯೋ: ಒಂದು ಯುದ್ಧವೃತ್ತಾಂತದ ವಿಮರ್ಶೆ

ಲಿಂಡಾ ರಾಬಿನ್ಸನ್ ಅವರು 2004ರಲ್ಲಿ ಪ್ರಕಟಿಸಿದ ‘ಮಾಸ್ಟರ್ಸ್ ಆಫ್ ಕೇಯಾಸ್’ ಎಂಬುದು ಅಮೆರಿಕಾದ ವಿಶೇಷ ದಳಗಳ ಚರಿತ್ರೆ. ಅದರಲ್ಲಿ 2003ರ ಉತ್ತರ ಇರಾಕಿನ ಯುದ್ಧವನ್ನು ಹೇಳುವ ಭಾಗವು ಕಥನರೀತಿಯ ದೃಷ್ಟಿಯಿಂದ ವಿಚಾರಾರ್ಹವಾಗಿದೆ. ಇಬ್ಬರು ಕೂಡಿ ಮಾಡಿದ ಯುದ್ಧದ ಕಥೆಯಲ್ಲಿ ನಾಯಕನಾರು, ಸಹಾಯಕನಾರು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಆ ವರ್ಷ ಮಾರ್ಚ್ 1ರಂದು ತುರ್ಕಿಯ ಸಂಸತ್ತು ಅಮೆರಿಕಾದ ಸೇನೆಗೆ ದಾರಿ ಕೊಡಲೊಪ್ಪಲಿಲ್ಲ. ಉತ್ತರದಿಂದ ನುಗ್ಗಬೇಕಾಗಿದ್ದ 4ನೆಯ ಪದಾತಿ ವಿಭಾಗದ ಹೊರೆಯು 10ನೆಯ ವಿಶೇಷ ದಳದ ಅಲ್ಪಸಂಖ್ಯೆಯ ಯೋಧರ ಮೇಲೆ ಬಿದ್ದಿತು. ವಿಮಾನಗಳಿಗೆ ಗುರಿ ತೋರುವ ವಿದ್ಯೆ ಇವರದು; ಜನಬಲವೂ ಬೆಟ್ಟಗಳ ಪರಿಚಯವೂ ಕುರ್ದರ ಪೇಶ್‌ಮೆರ್ಗಾಗಳದು. ಆ ಹೆಸರಿಗೆ ಮೃತ್ಯುವಿಗೆ ಎದುರಾದವರೆಂದು ಅರ್ಥ. ಅದರ ಉತ್ತರಪದವು ಸಂಸ್ಕೃತದ ‘ಮೃ’ ಧಾತುವಿನ ದಾಯಾದಿ. ಮಾರ್ಚ್ 28ರಂದು ಹಲಬ್ಜದ ಸಮೀಪದಲ್ಲಿ ಅನ್ಸಾರ್ ಅಲ್-ಇಸ್ಲಾಂ ಪಕ್ಷದ ನೆಲೆಗಳನ್ನು ಮುತ್ತಿದವರಲ್ಲಿ ಕುರ್ದರು ಸಾವಿರಾರು ಮಂದಿ, ಅಮೆರಿಕನ್ನರು ಹತ್ತಾರು ಮಂದಿ.

ನಮ್ಮ ಲಾಕ್ಷಣಿಕರು ಪ್ರಾಸಂಗಿಕ ವೃತ್ತವನ್ನು ಪತಾಕೆ, ಪ್ರಕರಿ ಎಂದು ವಿಂಗಡಿಸುವರು. ಸುಗ್ರೀವನ ಕಥೆ ಪತಾಕೆ. ಅದು ದೂರದವರೆಗೆ ಸಾಗುತ್ತದೆ, ಅದಕ್ಕೆ ತನ್ನದೇ ಫಲವೂ ಉಂಟು. ವಾನರಸೇನೆ ಸೀತೆಯನ್ನು ಅರಸಹೊರಡುವ ಮೊದಲೇ ಕಿಷ್ಕಿಂಧೆ ಸುಗ್ರೀವನಿಗೆ ದಕ್ಕಿರುತ್ತದೆ. ಶಬರಿಯ ಪ್ರಸಂಗದಂತಹುದು ಪ್ರಕರಿ. ತನಗಾಗಿ ಅದು ಏನನ್ನೂ ಬೇಡದು.

ಕುರ್ದರ ವೃತ್ತವು ನಿಶ್ಚಯವಾಗಿ ಪತಾಕೆ. 1975ರ ಮಾರ್ಚ್‌ನಲ್ಲಿ ಅಲ್ಜಿಯರ್ಸ್ ಒಪ್ಪಂದವಾದೊಡನೆ ಇರಾನೂ ಅಮೆರಿಕಾವೂ ಕೈಬಿಡಲು, ಮುಸ್ತಫಾ ಬರ್ಜಾನಿಯವರ ದಂಗೆ ಕುಸಿದುಬಿದ್ದಿತು. ಆ ನೆನಪನ್ನು ಹೊತ್ತೇ ಅವರು 2003ರಲ್ಲಿ ಮತ್ತೆ ಅದೇ ಮಿತ್ರನೊಡನೆ ಹೊರಟವರು. ದಳಗಳ ಚರಿತ್ರೆಯಾದರೋ ದಳಗಳ ಕಾರ್ಯಸಿದ್ಧಿಯೊಡನೆ ಮುಗಿಯತಕ್ಕದ್ದು. ಆ ಚೌಕಟ್ಟಿನೊಳಗೆ ಪತಾಕೆಯು ಪ್ರಕರಿಯಾಗಿ ಕುಗ್ಗುತ್ತದೆ. ಇದು ಗ್ರಂಥಕರ್ತ್ರಿಯ ದೋಷವೆನ್ನುವುದಕ್ಕಿಂತ ಆ ಜಾತಿಯ ಬರೆಹದ ದೋಷವೆನ್ನುವುದು ನ್ಯಾಯ. ಏಪ್ರಿಲ್ 6ರಂದು ದೆಬೆಕಾ ಕಣಿವೆಯ ಕಾಳಗದಲ್ಲಿ ಅಮೆರಿಕಾದ ವಿಮಾನವೊಂದು ತನ್ನವರ ಮೇಲೆಯೇ ಬಾಂಬು ಹಾಕಿ ಹಲವರು ಕುರ್ದರು ಮಡಿದರು. ದಳದ ಚರಿತ್ರೆಯಲ್ಲಿ ಅಂತಹುದು ಆಕಸ್ಮಿಕ. ಕುರ್ದರು ಬರೆಯುವ ಕಥೆಯಲ್ಲಿ ಅದಕ್ಕೊಂದು ಸರ್ಗವೇ ಬೇಕಾದೀತು.

ಫಲವಂತೂ ಗ್ರಂಥದ ಹೊರಗೇ ಉಳಿಯಿತು. 2005ರ ಸಂವಿಧಾನವು ಕುರ್ದ್ ಪ್ರಾಂತಕ್ಕೆ ಮನ್ನಣೆ ಕೊಟ್ಟಿತು. ಕಿರ್ಕೂಕ್ ಯಾರದೆಂಬುದನ್ನು 2007ರ ಕೊನೆಯೊಳಗೆ ಜನಮತದಿಂದ ತೀರ್ಮಾನಿಸಬೇಕೆಂದು ವಿಧಿಸಿತು. ಆ ಜನಮತ ನಡೆಯಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಕುರ್ದರು ಸ್ವಾತಂತ್ರ್ಯಕ್ಕೆ ತಾವೇ ಮತ ನೀಡಿದರು. ಮರುತಿಂಗಳು ಇರಾಕಿನ ಸೇನೆ ಕಿರ್ಕೂಕನ್ನು ಹಿಡಿಯಿತು; ಅಮೆರಿಕಾ ಯಾರ ಪಕ್ಷವನ್ನೂ ವಹಿಸಲಿಲ್ಲ.