ಕತ್ತರಿಯ ಸಂಯಮ

ಇಂಗ್ಲೆಂಡಿನ ಗ್ರಾಮಾಂತರದಲ್ಲಿ ಮೇ ತಿಂಗಳ ನಡುವಿನ ವೇಳೆಗೆ ಎಲೆಯೇ ಕಾಣದಂತೆ ಶ್ವೇತಪುಷ್ಪಗಳನ್ನು ಹೊತ್ತು ಹೊಲಗಳ ಅಂಚಿನುದ್ದಕ್ಕೂ ನಿಲ್ಲುವ ಹಾಥಾರ್ನ್, 18ನೆಯ ಶತಮಾನದ ಉತ್ತರಾರ್ಧದಲ್ಲಿಯೂ ಮುಂದಿನ ದಶಕಗಳಲ್ಲಿಯೂ ಊರೊಟ್ಟಿನ ಭೂಮಿ ಪಾರ್ಲಿಮೆಂಟಿನ ಶಾಸನಗಳಿಂದ ಖಾಸಗಿ ಹೊಲಗಳಾಗಿ ಹೋಳಾದಾಗ, ದನಕರುಗಳು ನುಗ್ಗದಿರಲೆಂದು ಮೈಲಿಗಟ್ಟಲೆ ನೆಟ್ಟ ಬೇಲಿಗಿಡ. ಅದನ್ನೇ ಒಂಟಿಯಾಗಿ ಬೆಳೆಯಗೊಟ್ಟರೆ 20–30 ಅಡಿಯ, ಗುಂಡುನೆತ್ತಿಯ ಮರವಾಗಿ ಚಿಕ್ಕ ಕೈತೋಟಕ್ಕೂ ಒಪ್ಪುತ್ತದೆ. ಆ ನಾಡಿನಲ್ಲಿ ಮನೆಮಾಡಿ, ಹಿತ್ತಲಿಗೊಂದು ಮರವನ್ನು ಅರಸುತ್ತಿರುವ ಕನ್ನಡಿಗರಿಗೆ ನಾನು ನಿಸ್ಸಂಕೋಚವಾಗಿ ಸೂಚಿಸುವುದು ಇದನ್ನೇ.

ನೆಲದ ವಿಷಯದಲ್ಲಿ ಇದು ಬಹು ಉದಾರಿ. ಜೇಡಿಯಾಗಲಿ, ಸುಣ್ಣದ ಮಣ್ಣಾಗಲಿ, ನೀರು ನಿಲ್ಲದಿದ್ದರೆ ಸಾಕು. ಮರವೆಲ್ಲ ಎಲೆಯುದುರಿ ವಿಶ್ರಮಿಸುವ ನವೆಂಬರಿನಿಂದ ಮಾರ್ಚಿನವರೆಗೆ, ಮಣ್ಣಿನ ಹೆಂಟೆಯಿಲ್ಲದೆ ಬರಿಬೇರಿನಲ್ಲಿ ದೊರೆಯುವ ಸಸಿಗಳನ್ನು ನೆಟ್ಟು, ಮೊದಲ ಬೇಸಗೆಗಳಲ್ಲಿ ಬುಡದ ಹುಲ್ಲನ್ನು ಕಿತ್ತು ನೀರೆರೆಯತಕ್ಕದ್ದು. ಬೀಜದಿಂದಲೇ ಬೆಳೆಸುವೆನೆನ್ನುವವರು, ತಿರುಳು ಕಳೆದ ಬೀಜವನ್ನು ತೇವದ ಮರಳಿನೊಡನೆ ಬೆರೆಸಿ ಬಯಲಿನಲ್ಲಿರಿಸಿದ ಮೇಲೂ, ಮೊಳಕೆಗಾಗಿ ಬಹುಮಟ್ಟಿಗೆ ಎರಡನೆಯ ವಸಂತದವರೆಗೆ ಕಾಯಬೇಕಾಗುತ್ತದೆ.

1858ರಲ್ಲಿ ಹರ್ಟ್‌ಫರ್ಡ್‌ಷೈರಿನ ತೋಟವೊಂದರಲ್ಲಿ, ಗುಲಾಬಿ ಬಣ್ಣದ ಹೂವಿನ ಹಾಥಾರ್ನ್ ಮರದ ಒಂದು ಕೊಂಬೆ ತಾನೇ ತಾನಾಗಿ ಕಡುಗೆಂಪು ಹೂಗಳನ್ನು ತಳೆಯಿತು. ಅದರಿಂದ ಬಂದ ‘ಪಾಲ್ಸ್ ಸ್ಕಾರ್ಲೆಟ್’ ತಳಿಗೆ ಇಂದಿಗೂ ಅಭಿಮಾನಿಗಳುಂಟು. ಆದರೆ ಎಸಳುಗಳು ದಟ್ಟೈಸಿದ ಆ ಹೂವಿನಲ್ಲಿ ದುಂಬಿಗೆ ದಕ್ಕುವುದು ಅತ್ಯಲ್ಪ, ಅದು ಕಾಯಿ ಕಟ್ಟುವುದು ಅಪೂರ್ವ. ನನ್ನ ಒಲವು ಸಾದಾ ಬಿಳಿಯ ಹೂವಿನ ಕಡೆಗೇ: ಐದೇ ಎಸಳು, ಅವುಗಳ ನಡುವೆ ಎದ್ದುನಿಂತ ಕೇಸರಗಳ ತುದಿಯಲ್ಲಿ ನಸುಗೆಂಪಿನ ಪರಾಗಕೋಶಗಳು, ನೊಣಗಳನ್ನೂ ಸೆಳೆಯುವಂತೆ ಮೀನಿನ ಸುಳಿವು ಬೆರೆತ ಭಾರವಾದ ಗಂಧ, ಶರತ್ಕಾಲದಲ್ಲಿ ಕೆಂಪು ಹಣ್ಣುಗಳ ಗೊಂಚಲು.

ಎಳೆಗುಡಿಗಳು ಬೆಂಕಿ ತಾಕಿದಂತೆ ಕಂದಿ ಜೋತುಬಿದ್ದರೆ, ಅದು ಸೇಬು, ಪೇರುಗಳಿಗೂ ಹರಡುವ ಬ್ಯಾಕ್ಟೀರಿಯಾ ರೋಗವೆಂದು ಶಂಕಿಸಿ, ಕಂದಿದ ಭಾಗಕ್ಕಿಂತ ಒಂದಡಿಯಾದರೂ ಕೆಳಗೆ ಕತ್ತರಿಸಿ ಸುಡಬೇಕು. ಪ್ರತಿ ಕತ್ತರಿಕೆಯ ನಡುವೆ ಆಯುಧವನ್ನು ಶುದ್ಧಗೊಳಿಸಬೇಕು.

ಇಷ್ಟೆಲ್ಲ ಆರೈಕೆಯೂ ವ್ಯರ್ಥವಾಗುವುದು ಅಕಾಲದ ಕತ್ತರಿಯಿಂದ. ಹಾಥಾರ್ನ್ ಹೂ ಬಿಡುವುದು ಹಿಂದಿನ ವರ್ಷ ಬೆಳೆದ ಕಡ್ಡಿಯ ಮೇಲೆ. ಆದಕಾರಣ ಇದನ್ನು ಮರವಾಗಿ ಬಿಡದೆ ಬೇಲಿಯಾಗಿ ಬೆಳೆಸಿ, ಒಪ್ಪವಾಗಿ ಕಾಣಲೆಂದು ವರ್ಷವರ್ಷವೂ ನುಣ್ಣಗೆ ಸವರುವವನು, ಮುಂದಿನ ಮೇ ತಿಂಗಳ ಹೂವನ್ನೂ ಅದರ ಹಿಂದೆ ಬರುವ ಹಣ್ಣನ್ನೂ ತನ್ನ ಕೈಯಾರೆ ನೆಲಕ್ಕುರುಳಿಸುತ್ತಾನೆ. ಬೇಲಿಯನ್ನು ಮೂರು ಭಾಗವಾಗಿ ಎಣಿಸಿ, ವರ್ಷಕ್ಕೊಂದರಂತೆ, ಸ್ಕಾಂಡಿನೇವಿಯಾದಿಂದ ಚಳಿಗಾಲಕ್ಕೆ ಬರುವ ಥ್ರಷ್ ಜಾತಿಯ ಹಕ್ಕಿಗಳು ಹಣ್ಣು ತಿಂದು ಮುಗಿಸಿದ ಬಳಿಕ, ಗೂಡು ಕಟ್ಟುವ ಕಾಲ ಬರುವುದಕ್ಕೆ ಮುನ್ನ, ಅಂದರೆ ಜನವರಿ–ಫೆಬ್ರವರಿಗಳಲ್ಲಿ ಸವರಿರಿ. ಹಾಗೆ ಮಾಡಿದಲ್ಲಿ ಬೇಲಿಯು ಹದ್ದು ಮೀರುವುದಿಲ್ಲ, ಉಳಿದೆರಡು ಭಾಗಗಳಲ್ಲಿ ಹೂವು ತಪ್ಪುವುದಿಲ್ಲ.