ಸಾಲಿನಲ್ಲಿ ನಿಲ್ಲುವ ಬ್ರಿಟನ್: ಸ್ವಭಾವವೋ, ವ್ಯವಸ್ಥೆಯೋ?

2022ರ ಸೆಪ್ಟೆಂಬರಿನಲ್ಲಿ ರಾಣಿ ಎರಡನೇ ಎಲಿಜಬೆತ್ ಅವರ ಪಾರ್ಥಿವ ಶರೀರವನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ದರ್ಶನಕ್ಕಿಟ್ಟಾಗ ಸುಮಾರು ಎರಡೂವರೆ ಲಕ್ಷ ಜನ ಥೇಮ್ಸ್ ದಂಡೆಯುದ್ದಕ್ಕೂ ಹಗಲೂ ರಾತ್ರಿ ಸರದಿ ಕಾದರು. ಫುಟ್‌ಬಾಲ್ ತಾರೆ ಡೇವಿಡ್ ಬೆಕ್‌ಹ್ಯಾಮ್ ಕೂಡ ಎಲ್ಲರ ಜೊತೆ ಗಂಟೆಗಟ್ಟಲೆ ನಿಂತದ್ದು ದೊಡ್ಡ ಸುದ್ದಿಯಾಯಿತು. ಸಂಸತ್ ಸದಸ್ಯರು ಸಾಲು ತಪ್ಪಿಸಿ ಅತಿಥಿಗಳನ್ನೂ ಕರೆದೊಯ್ಯಬಹುದೆಂಬ ಅನುಕೂಲ ಜನರ ಆಕ್ಷೇಪಕ್ಕೆ ಗುರಿಯಾಯಿತು. ಇಡೀ ನೋಟವನ್ನು ಬ್ರಿಟಿಷರ ಹುಟ್ಟುಗುಣವೆಂದು ಬಣ್ಣಿಸಿದವರೇ ಹೆಚ್ಚು. ತಾಳ್ಮೆ, ಸಂಯಮ, ಸರದಿಗೆ ಗೌರವ ಇವೆಲ್ಲ ಆ ಜನಾಂಗಕ್ಕೆ ಸಹಜವೆಂಬ ಮಾತು ನಮ್ಮಲ್ಲೂ ಹಳೆಯದೇ. ಈ ವಿವರಣೆ ಬ್ರಿಟಿಷರನ್ನು ಹೊಗಳುವಂತೆ ಕಂಡರೂ ಅವರ ಅಭ್ಯಾಸದ ನಿಜವಾದ ಬೆಲೆಯನ್ನು ಮರೆಮಾಡುತ್ತದೆ. ಎಲ್ಲರಿಗೂ ಒಂದೇ ಕಟ್ಟಳೆ ಎಂಬ ನಂಬಿಕೆಯನ್ನು ಸಾರ್ವಜನಿಕ ವ್ಯವಸ್ಥೆ ಗಳಿಸಿಕೊಂಡಾಗ ಸರದಿಯ ಶಿಸ್ತು ಗಟ್ಟಿಯಾಗುತ್ತದೆ, ಆ ನಂಬಿಕೆ ಸಡಿಲಗೊಂಡಾಗ ಅದೂ ಸಡಿಲಗೊಳ್ಳುತ್ತದೆ. ಬೆಕ್‌ಹ್ಯಾಮ್‌ಗೆ ಸಿಕ್ಕ ಮೆಚ್ಚುಗೆ ಮತ್ತು ಸಂಸದರ ಮೇಲಿನ ಸಿಟ್ಟು ಎರಡೂ ಹೇಳುವುದು ಇದನ್ನೇ. ಜನ ಅಳೆಯುತ್ತಿದ್ದದ್ದು ಸಮಾನತೆಯನ್ನು.

ಹುಟ್ಟುಗುಣದ ವಾದಕ್ಕೆ ಮೊದಲ ಪೆಟ್ಟು ಬೀಳುವುದು ಚರಿತ್ರೆಯಿಂದ. 1837ರಲ್ಲಿ ಪ್ರಕಟವಾದ ಫ್ರೆಂಚ್ ಕ್ರಾಂತಿಯ ಚರಿತ್ರೆಯಲ್ಲಿ ಸ್ಕಾಟ್ಲೆಂಡಿನ ಥಾಮಸ್ ಕಾರ್ಲೈಲ್, ಪ್ಯಾರಿಸ್ಸಿನ ರೊಟ್ಟಿ ಅಂಗಡಿಗಳ ಮುಂದೆ ಜನ ತಾವಾಗಿಯೇ ಸಾಲುಗಟ್ಟುವುದನ್ನು ವರ್ಣಿಸಿ, ಈ ಜಾಣ್ಮೆಯನ್ನು ಫ್ರೆಂಚರ ವೈಶಿಷ್ಟ್ಯವೆಂದು ಗುರುತಿಸುತ್ತಾನೆ. ಇಂದು ಬ್ರಿಟಿಷರ ಹಣೆಪಟ್ಟಿಯಾಗಿರುವ ಗುಣ ಅಂದಿನ ಬ್ರಿಟಿಷ್ ಲೇಖಕನಿಗೆ ನೆರೆಯವರ ಸೊತ್ತಾಗಿ ಕಂಡಿತ್ತು. ಭಾವನೆಗಳನ್ನು ಹೊರಗೆಡಹದ ಗಾಂಭೀರ್ಯದ ಕಥೆಯೂ ಇದೇ. ಹದಿನೆಂಟನೆಯ ಶತಮಾನದ ಇಂಗ್ಲಿಷರು ರಂಗಮಂದಿರಗಳಲ್ಲಿ, ಧರ್ಮೋಪದೇಶದ ಸಭೆಗಳಲ್ಲಿ ಸಂಕೋಚವಿಲ್ಲದೆ ಅಳುತ್ತಿದ್ದರೆಂದೂ, ಕಣ್ಣೀರನ್ನು ದೌರ್ಬಲ್ಯವೆಂದು ಕಾಣುವ ಮನೋಭಾವ ಸಾಮ್ರಾಜ್ಯ ಬೆಳೆದ ಕಾಲದಲ್ಲಿ ಬಲಿಯಿತೆಂದೂ ಚರಿತ್ರಕಾರ ಥಾಮಸ್ ಡಿಕ್ಸನ್ ತೋರಿಸಿದ್ದಾರೆ. 1997ರಲ್ಲಿ ರಾಜಕುಮಾರಿ ಡಯಾನಾ ತೀರಿಕೊಂಡಾಗ ಅದೇ ದೇಶದ ಜನ ಬೀದಿಯಲ್ಲಿ ನಿಂತು ಬಹಿರಂಗವಾಗಿ ಅತ್ತರು. ಕೆಲವು ತಲೆಮಾರುಗಳಲ್ಲಿ ಬಂದು ಹೋಗುವುದನ್ನು ಹುಟ್ಟುಗುಣವೆನ್ನಲಾಗದು.

ಹಾಗಾದರೆ ಸಾಲು ಬ್ರಿಟನ್ನಿನ ಗುರುತಾದದ್ದು ಹೇಗೆ? ಉತ್ತರದ ಬಹುಪಾಲು ಎರಡನೇ ಮಹಾಯುದ್ಧದಲ್ಲಿದೆ. 1940ರ ಜನವರಿಯಲ್ಲಿ ಬೇಕನ್, ಬೆಣ್ಣೆ, ಸಕ್ಕರೆಗೆ ರೇಷನ್ ಬಂತು; ಪಡಿತರ ಪೂರ್ತಿ ಕೊನೆಗೊಂಡದ್ದು 1954ರ ಜುಲೈನಲ್ಲಿ. ಅರಮನೆಯವರಿಗೂ ರೇಷನ್ ಪುಸ್ತಕವಿತ್ತು. 1947ರಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಯ ಉಡುಪಿಗೆ ಬಟ್ಟೆಯ ಕೂಪನ್ನುಗಳನ್ನು ಬಳಸಬೇಕಾಯಿತು. ಆದರೆ ಆ ಕಾಲದ ಸಾಲುಗಳನ್ನು ಶಾಂತಚಿತ್ತದ ಚಿತ್ರವಾಗಿ ನೆನೆಯುವುದು ತಪ್ಪು. ಜನರ ತಾಳ್ಮೆಯ ಈ ಚಿತ್ರಕ್ಕೆ ಸರಕಾರಿ ಪ್ರಚಾರದ ಪಾಲೂ ಇತ್ತೆಂದು ಚರಿತ್ರಕಾರ ಜೋ ಮೊರಾನ್ ವಾದಿಸಿದ್ದಾರೆ. ರೇಷನ್ನಿನಲ್ಲಿ ಸೇರದ ಮೀನು, ಹಣ್ಣುಗಳಿಗಾಗಿ ಗಂಟೆಗಟ್ಟಲೆ ನಿಂತವರಲ್ಲಿ ಹೆಚ್ಚಿನವರು ಹೆಂಗಸರು; ಅವರ ಅಸಮಾಧಾನ 1945ರಲ್ಲಿ ‘ಬ್ರಿಟಿಷ್ ಹೌಸ್‌ವೈವ್ಸ್ ಲೀಗ್’ ಎಂಬ ಸಂಘಟನೆಯಾಗಿಯೇ ರೂಪುಗೊಂಡಿತು. ಗೊಣಗುತ್ತಲೇ ಅವರು ಸರದಿ ಪಾಲಿಸಿದರು. ಪಡಿತರದ ಕಟ್ಟಳೆ ದೊಡ್ಡಮನೆಗೂ ಅನ್ವಯಿಸುತ್ತದೆಂಬ ಭರವಸೆ ಆ ಗೊಣಗಾಟ ದಂಗೆಯಾಗದಂತೆ ತಡೆಯಿತು.

ಇದಕ್ಕೊಂದು ಗಂಭೀರ ಆಕ್ಷೇಪವಿದೆ. ಕೊರತೆ ಎಲ್ಲ ದೇಶಗಳಿಗೂ ಬಂದಿದೆ, ರೇಷನ್ನೂ ಬಂದಿದೆ. ಆದರೂ ಬಸ್ ನಿಲ್ದಾಣದಲ್ಲಿ ನಾಲ್ಕೇ ಜನರಿದ್ದರೂ ಸರದಿ ನೆನಪಿಡುವ ಎಚ್ಚರ ಎಲ್ಲೆಡೆ ಕಾಣುವುದಿಲ್ಲ. ಹಾಗಿದ್ದ ಮೇಲೆ ಅಲ್ಲಿಯದೇ ಆದ ಒಂದು ಗುಣವನ್ನು ಒಪ್ಪಬಾರದೇಕೆ? ಜಾರ್ಜ್ ಆರ್ವೆಲ್‌ನಂಥ ಸೂಕ್ಷ್ಮದರ್ಶಿಯೂ 1941ರ ತನ್ನ ‘ದಿ ಲಯನ್ ಅಂಡ್ ದಿ ಯೂನಿಕಾರ್ನ್’ ಪ್ರಬಂಧದಲ್ಲಿ ಇಂಗ್ಲಿಷರಿಗೆ ತಮ್ಮದೇ ಆದ ಸೌಮ್ಯತೆ ಇದೆಯೆಂದು ನಂಬಿದ್ದ. ವ್ಯತ್ಯಾಸವಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಅಭ್ಯಾಸ ಒಮ್ಮೆ ಬೇರೂರಿದರೆ ಮಕ್ಕಳು ದೊಡ್ಡವರನ್ನು ನೋಡಿಯೇ ಕಲಿಯುತ್ತಾರೆ, ಅದನ್ನು ಹುಟ್ಟಿಸಿದ ಕಾರಣ ಮರೆಯಾದ ಮೇಲೂ ರೂಢಿ ಉಳಿಯುತ್ತದೆ. ನನ್ನ ತಕರಾರು ಸ್ವಭಾವವನ್ನು ಕಾರಣವಾಗಿ ಬಳಸುವುದರ ಬಗ್ಗೆ. ಸ್ವಭಾವವೇ ಮೂಲವಾಗಿದ್ದರೆ ಆ ಸಮಪಾಲಿನ ನ್ಯಾಯ ಬ್ರಿಟಿಷರು ಆಳಿದ ಎಲ್ಲ ಕಡೆಯೂ ಅವರೊಡನೆ ಹೋಗಬೇಕಿತ್ತು. ಹೋಗಲಿಲ್ಲ. ತನ್ನ ಜನರ ತಟ್ಟೆಯನ್ನು ಔನ್ಸಿನ ಲೆಕ್ಕದಲ್ಲಿ ಹಂಚುತ್ತಿದ್ದ ಸರಕಾರದ ಆಳ್ವಿಕೆಯಲ್ಲೇ 1943ರಲ್ಲಿ ಬಂಗಾಳ ಹಸಿವಿನಿಂದ ತತ್ತರಿಸಿತು. ಆ ಕ್ಷಾಮ ಅಂದಾಜು 20ರಿಂದ 30 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಹಡಗುಗಳ ಕೊರತೆಯ ಕಾರಣ ಕೊಟ್ಟ ಲಂಡನ್ನಿನ ಯುದ್ಧ ಸಂಪುಟ ಕೇಳಿದಷ್ಟು ಧಾನ್ಯ ಕಳಿಸಲಿಲ್ಲ. ಕಲ್ಕತ್ತೆಗೆ ಪೂರ್ಣ ಪ್ರಮಾಣದ ಪಡಿತರ ಬಂದದ್ದು 1944ರಲ್ಲಿ, ಹಳ್ಳಿಗಳು ಬರಿದಾದ ಮೇಲೆ. ಲಂಡನ್ನಿನ ಗೃಹಿಣಿಯ ಗೊಣಗಾಟಕ್ಕೆ ಉತ್ತರ ಕೊಡಬೇಕಾದ ಸಂಸತ್ತಿತ್ತು, ಬಂಗಾಳದ ರೈತಕೂಲಿಯ ಹಸಿವಿಗೆ ಉತ್ತರ ಕೊಡಬೇಕಾದವರು ಇರಲಿಲ್ಲ. ನ್ಯಾಯ ಹುಟ್ಟಿದ್ದು ಉತ್ತರದಾಯಿತ್ವದಿಂದ. ಅದಿಲ್ಲದ ಕಡೆ ಅದೇ ಆಡಳಿತಗಾರರ ಸಭ್ಯತೆ ಯಾರನ್ನೂ ಉಳಿಸಲಿಲ್ಲ.

ಸ್ವಭಾವದಿಂದ ವಿವರಿಸುವ ಚಾಳಿ ತವರಿನಲ್ಲೂ ಗಾಯ ಮಾಡಿದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್ ನಗರದ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ತಂಡದ ಅಭಿಮಾನಿಗಳು ನೂಕುನುಗ್ಗಲಿಗೆ ಸಿಲುಕಿದರು. ಆ ದುರಂತದಲ್ಲಿ ಸತ್ತವರು 97 ಜನ. ನಾಲ್ಕು ವರ್ಷ ಹಿಂದೆ ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ 39 ಜನರ ಸಾವಿಗೆ ಕಾರಣವಾದ, ಇದೇ ತಂಡದ ಅಭಿಮಾನಿಗಳ ಗಲಭೆಯ ನೆನಪು ಹಸಿಯಾಗಿತ್ತು. ಹಾಗಾಗಿ ಕುಡಿದ, ಶಿಸ್ತಿಲ್ಲದ ಅಭಿಮಾನಿಗಳೇ ಕಾರಣವೆಂಬ ಪೊಲೀಸರ ಹೇಳಿಕೆಯನ್ನು ನಂಬುವುದು ಸುಲಭವಾಯಿತು. ಕುಟುಂಬಗಳು 27 ವರ್ಷ ಹೋರಾಡಿದವು. 2016ರಲ್ಲಿ ವಿಚಾರಣಾ ಜ್ಯೂರಿ ಅಭಿಮಾನಿಗಳ ತಪ್ಪಿಲ್ಲವೆಂದೂ, ಅದು ಕಾನೂನುಬಾಹಿರ ಸಾವೆಂದೂ ತೀರ್ಮಾನಿಸಿತು. ಗೇಟು ತೆರೆಸಿ, ಆಗಲೇ ತುಂಬಿದ್ದ ಆವರಣದತ್ತ ಜನರನ್ನು ಬಿಟ್ಟ ಪೊಲೀಸ್ ನಿರ್ವಹಣೆಯ ಲೋಪ ದೃಢಪಟ್ಟಿತು. ಕೆಲವು ಬ್ರಿಟಿಷರು ಹುಟ್ಟಾ ಸಭ್ಯರು, ಕೆಲವರು ಹುಟ್ಟಾ ಪುಂಡರು ಎಂದು ಮೊದಲೇ ನಿರ್ಧರಿಸಿದ್ದ ಸಮಾಜ, ಗೇಟಿನ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನು ದಶಕಗಳ ಕಾಲ ಮುಂದೂಡಿತು. ದುರಂತದ ತನಿಖೆಯ ನಂತರ ಬಂದ ಟೇಲರ್ ವರದಿಯ ಶಿಫಾರಸಿನಂತೆ ದೊಡ್ಡ ಕ್ರೀಡಾಂಗಣಗಳಲ್ಲಿ ಎಲ್ಲರಿಗೂ ಆಸನಗಳು ಬಂದವು, ಜನಸಂದಣಿಯ ನಿರ್ವಹಣೆ ಬದಲಾಯಿತು. ಮೈದಾನಗಳನ್ನು ಸುರಕ್ಷಿತಗೊಳಿಸಲು ಜನರ ರಕ್ತ ಬದಲಾಗಬೇಕಿರಲಿಲ್ಲ.

ಸರದಿಯ ಸಂಸ್ಕೃತಿಯನ್ನು ಇಂದು ಅಳೆಯಬೇಕಾದ ಜಾಗ ಆಸ್ಪತ್ರೆ. 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆ, ಜೇಬು ನೋಡದೆ ರೋಗದ ತೀವ್ರತೆ ನೋಡಿ ಚಿಕಿತ್ಸೆ ಕೊಡುವ ತತ್ವದ ಮೇಲೆ ನಿಂತದ್ದು. ಸರದಿಯ ಅತ್ಯಂತ ಉದಾತ್ತ ರೂಪ ಅದು. ಆದರೆ 2023ರಲ್ಲಿ ಇಂಗ್ಲೆಂಡಿನ ಕಾಯುವ ಪಟ್ಟಿ 70 ಲಕ್ಷ ದಾಟಿತ್ತು, 18 ವಾರದೊಳಗೆ ಚಿಕಿತ್ಸೆ ಎಂಬ ಮಾನದಂಡ ಅಸಂಖ್ಯ ರೋಗಿಗಳ ಪಾಲಿಗೆ ಕಾಗದದಲ್ಲೇ ಉಳಿಯಿತು. ಹಣವಿದ್ದವರು ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ, ಇಲ್ಲದವರು ನೋವು ತಡೆದುಕೊಂಡು ಕಾಯುತ್ತಾರೆ. ಇಂಥ ಹೊತ್ತಿನಲ್ಲಿ ‘ನಮ್ಮವರು ತಾಳ್ಮೆಯ ಜನ’ ಎಂಬ ಹೊಗಳಿಕೆ ಆಳುವವರಿಗೆ ಆಶ್ರಯವಾಗುತ್ತದೆ: ಜನ ತಡೆದುಕೊಳ್ಳುತ್ತಾರೆಂದಾದರೆ ವೈದ್ಯರನ್ನು, ಹಾಸಿಗೆಗಳನ್ನು ಹೆಚ್ಚಿಸುವ ಅವಸರ ಯಾರಿಗಿದೆ? ಸರದಿ ಪಾಲಿಸುವುದು ಖಂಡಿತ ಒಳ್ಳೆಯ ಅಭ್ಯಾಸ. ಬಲಶಾಲಿಯ ಮೊಣಕೈಗೆ ಮುದುಕಿಯೊಬ್ಬಳು ಹೆದರದೆ ನಿಲ್ಲುವ ಜಾಗವನ್ನು ಅದು ಸೃಷ್ಟಿಸುತ್ತದೆ. ಆದರೆ ಆ ಅಭ್ಯಾಸವನ್ನು ಉಳಿಸುವ ಹೊಣೆ ಸಾಲಿನ ಮುಂದೆ ಕೂತವರ ಮೇಲಿದೆ. ಸಾಲು ಮುಂದೆ ಸಾಗಬೇಕು, ಪಕ್ಕದ ಬಾಗಿಲು ಮುಚ್ಚಿರಬೇಕು, ತಡವಾದರೆ ಯಾರಾದರೂ ಉತ್ತರ ಕೊಡಬೇಕು. ಈ ಮೂರನ್ನು ಕೇಳಿ ಪಡೆದಷ್ಟು ಕಾಲ ಬ್ರಿಟಿಷರ ಸರದಿ ಗೌರವಕ್ಕೆ ಅರ್ಹ. ಕೇಳುವುದನ್ನು ಬಿಟ್ಟು ಸುಮ್ಮನೆ ಕಾಯುವುದನ್ನೇ ರಾಷ್ಟ್ರಗುಣವೆಂದು ಮೆರೆಸಿದರೆ ಅನ್ಯಾಯ ಸಹಿಸುವುದನ್ನೂ ಗುಣಗಳ ಪಟ್ಟಿಗೆ ಸೇರಿಸಿದಂತೆ.